ಕೊನೆಯ ದಿನ ಏನೂ ಇರಲಿಲ್ಲವೆ?



ನಮ್ಮ ಕನ್ನಡ ಕಾರ್ಯಕ್ರಮದ ಹಳೆಯ ಕೇಳುಗರೊಬ್ಬರು ಈಚೆಗೆ ಫೋನ್ ಮಾಡಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು. ಪುಣೆಗೆ ಬಂದು ನಲವತ್ತು ವರ್ಷವಾದರೂ ಅವರ ಮಾತು ಧಾರವಾಡ ಬಿಟ್ಟಿಲ್ಲ. ಮಗ, ಸೊಸೆಯ ಜೊತೆ ಬ್ರೆಜಿಲ್ ದೇಶಕ್ಕೆ ಹೋಗಿ, ಅಮೆಜಾನ್ ಕಾಡಿನ ಹೊಳೆಯಲ್ಲಿ ಐದು ದಿನ ಹಡಗಿನಲ್ಲಿ ಸುತ್ತಾಡಿ ಬಂದಿದ್ದರು. ಅವರ ಸಂಭ್ರಮ ಕೇಳಬೇಕಿತ್ತು ನೀವು. "ಗುಲಾಬಿ ಬಣ್ಣದ ಡಾಲ್ಫಿನ್ ನೋಡಿದ್ವಿ. ಮರದಾಗ ತಲೆಕೆಳಗ ಜೋತುಬಿದ್ದ ಸ್ಲಾತ್ ನೋಡಿದ್ವಿ. ರಾತ್ರಿ ಟಾರ್ಚ್ ಬಿಟ್ರ ಮೊಸಳಿ ಕಣ್ಣು ಕೆಂಡದಂಗ ಹೊಳೀತಾವ್ರಿ!" ಎಂದರು. ಒಂದೊಂದು ದಿನದ ಕತೆಯನ್ನೂ ಹೇಳಿದರು. "ಕೊನೆಯ ದಿನ ಏನು ನೋಡಿದಿರಿ?" ಎಂದು ಕೇಳಿದೆ. "ಕೊನೀ ದಿನ ಏನಿಲ್ಲ ಬಿಡ್ರಿ. ಅರ್ಧ ದಿನ ಸಾಮಾನು ಕಟ್ಟೋದರಾಗ ಹೋತು. ಎರಡು ನೀರು ಕೂಡೋ ಜಾಗ ತೋರಿಸಿದ್ರು, ಊರಾಗ ಒಂದು ನಾಟಕ ಮಂದಿರ ತೋರಿಸಿದ್ರು, ಏರ್‌ಪೋರ್ಟಿಗೆ ಬಿಟ್ರು" ಎಂದರು.

ಫೋನ್ ಇಟ್ಟ ಮೇಲೂ ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಕನ್ನಡ ಬಿ.ಎ. ಓದಿದ ನನಗೆ ಅಮೆಜಾನ್ ಎಂದರೆ ಶಾಲೆಯ ಭೂಪಟದ ಒಂದು ಹಸಿರು ಪಟ್ಟಿ, ಅಷ್ಟೆ. ಕುತೂಹಲಕ್ಕೆ ಕೆಲವು ಭಾನುವಾರ ಗ್ರಂಥಾಲಯದಲ್ಲಿ ಕೂತು ಓದಿದೆ. ಓದಿದ ಮೇಲೆ ತಿಳಿದದ್ದು ಇದು: ಏನೂ ಇಲ್ಲ ಎಂದುಕೊಂಡ ಆ ಕೊನೆಯ ದಿನದಲ್ಲೇ ಆ ಕಾಡಿನ ಸುಮಾರು ಐನೂರು ವರ್ಷದ ಇತಿಹಾಸವಿದೆ. ಬನ್ನಿ, ಆ ಒಂದು ದಿನವನ್ನು ಬೆಳಗಿನಿಂದ ಸಂಜೆಯವರೆಗೆ ಒಟ್ಟಿಗೆ ನೋಡೋಣ.

ಬೆಳಗಿನ ಐದೂವರೆ ಗಂಟೆ. ಹಡಗು ರಿಯೊ ನೀಗ್ರೊ, ಅಂದರೆ 'ಕಪ್ಪು ಹೊಳೆ'ಯಲ್ಲಿ ಮನೌಸ್ ಎಂಬ ಊರಿನ ಕಡೆಗೆ ಮರಳುತ್ತಿದೆ. ಹಿಂದೆ ಅನವಿಲ್ಯಾನಸ್ ಎಂಬ ನೂರಾರು ನಡುಗಡ್ಡೆಗಳ ಸಮೂಹ ಉಳಿಯಿತು. 2008ರಿಂದ ಅದು ರಾಷ್ಟ್ರೀಯ ಉದ್ಯಾನ. ಈ ಹೊಳೆಯ ನೀರು ಕಾಫಿ ಡಿಕಾಕ್ಷನ್ ಬಣ್ಣದ್ದು. ಕಾಡಿನಲ್ಲಿ ಕೊಳೆತ ಎಲೆಗಳ ರಸ ಇಳಿದು ಹೀಗಾಗುತ್ತದೆ. ನೀರಿನಲ್ಲಿ ಆಮ್ಲದ ಅಂಶ ಹೆಚ್ಚು, ಹಾಗಾಗಿ ಸೊಳ್ಳೆ ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಹತ್ತು ಮೀಟರಿನಷ್ಟು ಏರುತ್ತದೆ. ಆಗ ಕಾಡೇ ಮುಳುಗಿ, ಡಾಲ್ಫಿನ್‌ಗಳು ಮರದ ಕೊಂಬೆಗಳ ನಡುವೆ ಈಜುತ್ತವೆ. ನಮ್ಮ ಹಿರಿಯರು ನೋಡಿದ್ದು ಇದನ್ನೇ. ಇಲ್ಲಿ ನಿಂತು ನೋಡಿದವರಿಗೆಲ್ಲ ಒಂದೇ ಭಾವನೆ ಬರುತ್ತದೆ: ಮನುಷ್ಯರು ಮುಟ್ಟದ ಕಾಡು ಇದು! ಪ್ರವಾಸದ ಜಾಹೀರಾತುಗಳೂ ಹಾಗೇ ಹೇಳುತ್ತವೆ.

ಆದರೆ ಅದು ನಿಜವಲ್ಲ. ಹೇಗೆಂದು ತಿಳಿಯಲು ಇನ್ನೂ ಕೆಲವು ಗಂಟೆ ಕಾಯಬೇಕು.

ಬೆಳಗಿನ ಒಂಬತ್ತು ಗಂಟೆ. ಹಡಗು ಮನೌಸ್ ದಾಟಿ ಸ್ವಲ್ಪ ಕೆಳಗೆ ಬಂದಿದೆ. ಇಲ್ಲಿ ಕಪ್ಪು ಹೊಳೆಗೆ ಸೊಲಿಮೋಯಿಸ್ ಎಂಬ ಇನ್ನೊಂದು ಮಹಾನದಿ ಎದುರಾಗುತ್ತದೆ. ಅದು ಆಂಡೀಸ್ ಪರ್ವತಗಳಿಂದ ಮಣ್ಣು ಹೊತ್ತು ತರುವ ಹೊಳೆ, ಹಾಲು ಹೆಚ್ಚಾದ ಚಹದ ಬಣ್ಣ. ಎರಡೂ ಸೇರುವ ಜಾಗದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಸುಮಾರು ಆರು ಕಿಲೋಮೀಟರ್ ದೂರ ಎರಡು ನೀರೂ ಬೆರೆಯದೆ ಅಕ್ಕಪಕ್ಕ ಹರಿಯುತ್ತವೆ. ನಡುವೆ ಗೆರೆ ಎಳೆದ ಹಾಗೆ! ಕಾರಣ ಸರಳ. ಕಪ್ಪು ನೀರು ಬೆಚ್ಚಗೆ, ನಿಧಾನ. ಕಂದು ನೀರು ತಣ್ಣಗೆ, ವೇಗ. ಅದರಲ್ಲಿರುವ ಮಣ್ಣಿನಿಂದಾಗಿ ಸಾಂದ್ರತೆಯೂ ಬೇರೆ. ಬ್ರೆಜಿಲ್ ಜನ ಈ ಸಂಗಮದ ನಂತರವೇ ಹೊಳೆಯನ್ನು ಅಮೆಜಾನ್ ಎಂದು ಕರೆಯುತ್ತಾರೆ.

ಈ ಗೆರೆಯನ್ನು ಬರೆದಿಟ್ಟ ಮೊದಲ ಯುರೋಪಿಯನ್ ಯಾರು ಗೊತ್ತೆ? ಗಾಸ್ಪಾರ್ ದೆ ಕಾರ್ವಹಾಲ್ ಎಂಬ ಸ್ಪೇನಿನ ಪಾದ್ರಿ. 1541ರ ಕೊನೆಯಲ್ಲಿ ಫ್ರಾನ್ಸಿಸ್ಕೊ ದೆ ಒರೆಯಾನ ಎಂಬ ಸೇನಾನಿ ಐವತ್ತಕ್ಕೂ ಹೆಚ್ಚು ಜನರ ಜೊತೆ, ಹಸಿದ ಸೈನ್ಯಕ್ಕೆ ಊಟ ಹುಡುಕಿ ತರುತ್ತೇನೆಂದು ಹೊಳೆಯಲ್ಲಿ ಹೊರಟ. ಮರಳಲೇ ಇಲ್ಲ. ಹೊಳೆ ಕರೆದುಕೊಂಡು ಹೋದ ಕಡೆಗೆ ಹೋದ. 1542ರ ಜೂನ್ ತಿಂಗಳಲ್ಲಿ ಅವರು ಈ ಸಂಗಮಕ್ಕೆ ಬಂದರು. ಎಡಗಡೆಯಿಂದ ಬಂದ ನೀರು ಶಾಯಿಯಂತೆ ಕಪ್ಪಾಗಿತ್ತು, ಬಹುದೂರ ಬೆರೆಯದೆ ಹರಿಯಿತು ಎಂದು ಕಾರ್ವಹಾಲ್ ಬರೆದ. ರಿಯೊ ನೀಗ್ರೊ ಎಂಬ ಹೆಸರು ಅಂದು ಬಂದದ್ದು. ಅದೇ ತಿಂಗಳು ಮುಂದೆ ಹೆಣ್ಣು ಬಿಲ್ಲುಗಾರರ ಜೊತೆ ಕಾಳಗವಾಯಿತೆಂದೂ ಬರೆದ. ಗ್ರೀಕ್ ಪುರಾಣದ ವೀರನಾರಿಯರ ನೆನಪಿನಲ್ಲಿ ಇಡೀ ನದಿಗೆ ಅಮೆಜಾನ್ ಎಂಬ ಹೆಸರು ಬಂತು. ಬಾಣ ತಗುಲಿ ಪಾದ್ರಿಯ ಒಂದು ಕಣ್ಣು ಹೋಯಿತು. ಹೊಳೆಯ ಮೇಲಿನ ಅವರ ಪಯಣದ ಕೊನೆಯ ದಿನ 1542ರ ಆಗಸ್ಟ್ 26. ಅಂದು ಅವರು ಸಮುದ್ರ ಕಂಡರು.

ಕಾರ್ವಹಾಲ್ ಇನ್ನೂ ಒಂದು ಮಾತು ಬರೆದಿದ್ದ. ದಂಡೆಯುದ್ದಕ್ಕೂ ಊರುಗಳಿದ್ದವು, ಮನೆಗೆ ಮನೆ ತಾಗಿಕೊಂಡಿದ್ದವು, ರಸ್ತೆಗಳಿದ್ದವು, ಒಳ್ಳೆಯ ಮಡಕೆ ಕುಡಿಕೆ ಮಾಡುತ್ತಿದ್ದರು ಎಂದು. ನಂತರ ಬಂದವರಿಗೆ ಅಂಥದ್ದೇನೂ ಕಾಣಲಿಲ್ಲ. ಕಾಡು, ನೀರು, ಅಲ್ಲೊಂದು ಇಲ್ಲೊಂದು ಗುಡಿಸಲು. ಆದ್ದರಿಂದ ಪಾದ್ರಿಯ ಮಾತನ್ನು ಬಹಳ ಜನ ಉತ್ಪ್ರೇಕ್ಷೆ ಎಂದು ತಳ್ಳಿಹಾಕಿದರು.

ಈಗ ನೋಡಿ, ಮಣ್ಣೇ ಸಾಕ್ಷಿ ಹೇಳುತ್ತಿದೆ. ಅಮೆಜಾನ್ ದಂಡೆಗಳಲ್ಲಿ ಅಲ್ಲಲ್ಲಿ ಕಪ್ಪು, ಫಲವತ್ತಾದ ಮಣ್ಣಿದೆ. ಅದರಲ್ಲಿ ಇದ್ದಿಲು, ಮೀನಿನ ಮೂಳೆ, ಮಡಕೆ ಚೂರು ಸಿಗುತ್ತವೆ. ಅದು ಮನುಷ್ಯರು ತಲೆಮಾರುಗಟ್ಟಲೆ ಬಾಳಿ, ಬೇಯಿಸಿ, ಬೆಳೆದು ಮಾಡಿದ ಮಣ್ಣು. 2022ರಲ್ಲಿ ಬೊಲಿವಿಯದ ಕಾಡಿನ ಕೆಳಗೆ, 2024ರಲ್ಲಿ ಈಕ್ವಡಾರ್ ದೇಶದ ಉಪಾನೊ ಕಣಿವೆಯಲ್ಲಿ, ಆಕಾಶದಿಂದ ಲೇಸರ್ ಕಿರಣ ಬಿಟ್ಟು ಹಳೆಯ ಪಟ್ಟಣಗಳ ರಸ್ತೆ, ದಿಬ್ಬಗಳನ್ನು ಗುರುತಿಸಿದ್ದನ್ನು ವಿಜ್ಞಾನಿಗಳು ಪ್ರಕಟಿಸಿದರು. ಹಾಗಾದರೆ ಆ ಜನ ಎಲ್ಲಿ ಹೋದರು? ಯುರೋಪಿನವರು ತಂದ ಸಿಡುಬು, ದಡಾರ, ಜ್ವರಗಳಿಗೆ ಬಲಿಯಾದರು. ಉಳಿದವರನ್ನು ಗುಲಾಮರಾಗಿ ಹಿಡಿದರು. ತಪ್ಪಿಸಿಕೊಂಡವರು ಹೊಳೆ ಬಿಟ್ಟು ಒಳಗಾಡಿಗೆ ಓಡಿದರು. ಕಾಡು ಖಾಲಿಯಾಗಿರಲಿಲ್ಲ ಕೇಳುಗರೆ, ಖಾಲಿ ಮಾಡಲಾಯಿತು.

ಹಡಗಿನಿಂದ ಮನೌಸ್ ಕಡೆಯ ದಂಡೆ ನೋಡಿ. ಸಂಗಮದ ಹತ್ತಿರವೇ ಪೋಂತ ದಾಸ್ ಲಾಜೆಸ್ ಎಂಬ ಬಂಡೆಗಳ ಜಾಗವಿದೆ. ಸಾಮಾನ್ಯ ದಿನಗಳಲ್ಲಿ ಅದು ನೀರಿನ ಕೆಳಗೆ. 2010ರ ಬರದಲ್ಲಿ, ಮತ್ತೆ 2023ರ ಅಕ್ಟೋಬರಿನಲ್ಲಿ ನೀರು ವಿಪರೀತ ಇಳಿದಾಗ ಆ ಬಂಡೆಗಳ ಮೇಲೆ ಕೆತ್ತಿದ ಮುಖಗಳು ಕಾಣಿಸಿಕೊಂಡವು. ಎರಡು ಕಣ್ಣು, ಒಂದು ಬಾಯಿ, ಕೆಲವದರಲ್ಲಿ ನಗು. ಪಕ್ಕದಲ್ಲಿ ಕಲ್ಲಿನ ಹತಾರಗಳನ್ನು ಮಸೆದ ಗುರುತುಗಳು. ಒಂದರಿಂದ ಎರಡು ಸಾವಿರ ವರ್ಷ ಹಳೆಯವು ಇರಬಹುದೆಂದು ಪುರಾತತ್ವ ತಜ್ಞರ ಅಂದಾಜು. ನಮ್ಮ ಹಿರಿಯರ ಹಡಗು ಆ ಮುಖಗಳ ಹತ್ತಿರದಲ್ಲೇ ಹಾದುಹೋಗಿದೆ. ನೀರು ತುಂಬಿದ್ದರಿಂದ ಕಾಣಲಿಲ್ಲ, ಅಷ್ಟೆ.

ಇನ್ನು ಊರಿನ ಹೆಸರು. ಪೋರ್ಚುಗೀಸರು 1669ರಲ್ಲಿ ಇಲ್ಲೊಂದು ಕೋಟೆ ಕಟ್ಟಿದರು. ಕಪ್ಪು ಹೊಳೆಯ ಮೇಲ್ಭಾಗದಲ್ಲಿ ಮನಾವೊ ಎಂಬ ಜನ ಇದ್ದರು. ಅಜುರಿಕಾಬ ಅವರ ನಾಯಕ. 1720ರ ದಶಕದಲ್ಲಿ ಗುಲಾಮರನ್ನು ಹಿಡಿಯಲು ಬಂದ ಪೋರ್ಚುಗೀಸರ ವಿರುದ್ಧ ಆತ ಹೋರಾಡಿದ. ಕೊನೆಗೆ ಸೆರೆ ಸಿಕ್ಕ. ಸರಪಳಿ ಹಾಕಿ ದೋಣಿಯಲ್ಲಿ ಬೆಲೆಂ ಪಟ್ಟಣಕ್ಕೆ ಸಾಗಿಸುವಾಗ ಸರಪಳಿ ಸಮೇತ ಹೊಳೆಗೆ ಹಾರಿದ. ನಮ್ಮ ಸಂಗೊಳ್ಳಿ ರಾಯಣ್ಣನನ್ನು ನಾವು ನೆನೆಯುವ ಹಾಗೆ ಅಲ್ಲಿಯವರು ಅವನನ್ನು ನೆನೆಯುತ್ತಾರೆ. 1856ರಲ್ಲಿ ಊರಿಗೆ ಮನೌಸ್ ಎಂದು ಹೆಸರಿಟ್ಟರು. ಆ ಹೊತ್ತಿಗೆ ಮನಾವೊ ಎಂಬ ಜನಾಂಗ ಪ್ರತ್ಯೇಕವಾಗಿ ಉಳಿದಿರಲಿಲ್ಲ. ಅವರ ಭಾಷೆಯೂ ಇಂದು ಇಲ್ಲ. ಇಪ್ಪತ್ತು ಲಕ್ಷ ಜನರಿರುವ ನಗರದ ಬೋರ್ಡುಗಳ ಮೇಲೆ ಒಂದು ಹೆಸರು ಮಾತ್ರ ಉಳಿದಿದೆ. ಮನೆಯಿಂದ ದೂರ ಬಂದು, ಮಕ್ಕಳ ಬಾಯಲ್ಲಿ ಕನ್ನಡ ಉಳಿಯುತ್ತದೋ ಇಲ್ಲವೋ ಎಂದು ಯೋಚಿಸುವ ನಮಗೆ ಇದು ಸ್ವಲ್ಪ ಬೇಗ ನಾಟುತ್ತದೆ, ಅಲ್ಲವೆ?

ಸಂಗಮದಿಂದ ಹಿಂದಕ್ಕೆ ಊರಿನ ಕಡೆ ಹೊರಡುವ ಮುನ್ನ ಇಬ್ಬರು ಹುಡುಗರ ವಿಷಯ ಹೇಳಬೇಕು. 1848ರಲ್ಲಿ ಇಂಗ್ಲೆಂಡಿನಿಂದ ಆಲ್ಫ್ರೆಡ್ ರಸೆಲ್ ವಾಲೇಸ್ ಮತ್ತು ಹೆನ್ರಿ ವಾಲ್ಟರ್ ಬೇಟ್ಸ್ ಎಂಬಿಬ್ಬರು ಗೆಳೆಯರು ಅಮೆಜಾನಿಗೆ ಬಂದರು. ಇಬ್ಬರಿಗೂ ಇಪ್ಪತ್ತರ ಪ್ರಾಯ. ಕೀಟ, ಹಕ್ಕಿ ಸಂಗ್ರಹಿಸಿ ಮಾರಿ ಬದುಕುವ ಲೆಕ್ಕಾಚಾರ. 1850ರಲ್ಲಿ ಈ ಊರಿನಿಂದಲೇ ಇಬ್ಬರ ದಾರಿ ಬೇರೆಯಾಯಿತು. ವಾಲೇಸ್ ಕಪ್ಪು ಹೊಳೆ ಹಿಡಿದ, ಬೇಟ್ಸ್ ಕಂದು ಹೊಳೆ ಹಿಡಿದ. ಬೇಟ್ಸ್ ಹನ್ನೊಂದು ವರ್ಷ ಉಳಿದು 14,000ಕ್ಕೂ ಹೆಚ್ಚು ಜಾತಿಯ ಜೀವಿಗಳನ್ನು ಸಂಗ್ರಹಿಸಿದ. ಅವುಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು.

ವಾಲೇಸನದು ಬೇರೆ ಕತೆ. 1852ರ ಜುಲೈ 12ರಂದು ಬೆಲೆಂನಿಂದ ಹಡಗು ಹತ್ತಿದ. ಆಗಸ್ಟ್ 6ರಂದು ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂಡಿಟ್ಟ ಸಂಗ್ರಹ, ಟಿಪ್ಪಣಿ, ಸಾಕಿದ ಕೋತಿಗಳು ಎಲ್ಲವೂ ಕಣ್ಣೆದುರಿಗೇ ಸುಟ್ಟುಹೋದವು. ನೀರಿಗೆ ಬಿದ್ದ ಒಂದು ಗಿಳಿಯನ್ನು ಮಾತ್ರ ಎತ್ತಿಕೊಳ್ಳಲಾಯಿತು. ಒಂದು ತಗಡಿನ ಪೆಟ್ಟಿಗೆಯಲ್ಲಿ ಮೀನು ಮತ್ತು ತಾಳೆ ಜಾತಿಯ ಮರಗಳ ಚಿತ್ರಗಳು ಉಳಿದವು. ಹತ್ತು ದಿನ ತೆರೆದ ದೋಣಿಯಲ್ಲಿ ತೇಲಿ ಬದುಕಿದ. ಆದರೂ ಅದೇ ವರ್ಷ ಲಂಡನ್ನಿನಲ್ಲಿ ಅಮೆಜಾನಿನ ಕೋತಿಗಳ ಬಗ್ಗೆ ಒಂದು ಪ್ರಬಂಧ ಓದಿದ. ಹೊಳೆಯ ಒಂದು ದಂಡೆಯ ಕೋತಿ ಇನ್ನೊಂದು ದಂಡೆಯಲ್ಲಿ ಇರುವುದಿಲ್ಲ, ಸ್ಥಳೀಯ ಬೇಟೆಗಾರರಿಗೆ ಇದು ಚೆನ್ನಾಗಿ ಗೊತ್ತು ಎಂದು ಅದರಲ್ಲಿ ಹೇಳಿದ. ಮುಂದೆ ಡಾರ್ವಿನ್ ಜೊತೆಗೆ ವಿಕಾಸವಾದ ಮಂಡಿಸಿದವನು ಇವನೇ. ಗಮನಿಸಿ, ಆ ಜ್ಞಾನದ ಒಂದು ಎಳೆ ಕಾಡಿನ ಜನರಿಂದ ಬಂದದ್ದು. ಇಂದಿಗೂ ಮನೌಸ್ ನಗರ ಮತ್ತು ಅದರ ಸುತ್ತಮುತ್ತ ಮಾತ್ರ ಇರುವ ಒಂದು ಪುಟ್ಟ ಕೋತಿಯಿದೆ. ಬೋಳು ಕಪ್ಪು ಮುಖ, ಎದೆ ಬಿಳಿ, ಹಿಂಭಾಗ ಕಂದು. ಊರು ಬೆಳೆದಂತೆ ಅದರ ಕಾಡು ತುಂಡು ತುಂಡಾಗಿ, ಈಗ ಅಳಿವಿನ ಅಂಚಿನಲ್ಲಿದೆ.

ಮಧ್ಯಾಹ್ನ ಮೂರು ಗಂಟೆ. ಈಗ ನಾಟಕ ಮಂದಿರ. ತಿಯಾತ್ರೊ ಅಮೆಜೊನಾಸ್ ಎಂದು ಅದರ ಹೆಸರು. 1896ರ ಡಿಸೆಂಬರ್ 31ರಂದು ಉದ್ಘಾಟನೆಯಾಯಿತು. ಗುಮ್ಮಟಕ್ಕೆ ಬ್ರೆಜಿಲ್ ಧ್ವಜದ ಬಣ್ಣಗಳಲ್ಲಿ 36,000 ಹೆಂಚು ಬಿಲ್ಲೆಗಳು. ಇಟಲಿಯ ಅಮೃತಶಿಲೆ, ಬ್ರಿಟನ್ನಿನ ಉಕ್ಕು. ಒಳಗೆ ಕೂತು ಮೇಲೆ ನೋಡಿದರೆ ಪ್ಯಾರಿಸ್ಸಿನ ಐಫೆಲ್ ಗೋಪುರದ ಕೆಳಗೆ ನಿಂತು ನೋಡಿದಂತೆ ಕಾಣುವ ಚಿತ್ರ. ಸಮುದ್ರದಿಂದ ಸುಮಾರು 1,500 ಕಿಲೋಮೀಟರ್ ಒಳಗೆ, ಕಾಡಿನ ನಡುವೆ! ಇದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು?

ಒಂದು ಮರದ ಹಾಲಿನಿಂದ. ಅದೇ ರಬ್ಬರ್. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವುದನ್ನು ಕಂಡುಹಿಡಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ. ಸೈಕಲ್ಲು, ಆಮೇಲೆ ಮೋಟಾರು, ಎಲ್ಲಕ್ಕೂ ರಬ್ಬರ್ ಬೇಕಾಯಿತು. ಆ ಮರ ಆಗ ಬೆಳೆಯುತ್ತಿದ್ದುದು ಅಮೆಜಾನಿನಲ್ಲಿ. ಮನೌಸಿನ ಸಾಹುಕಾರರು ರಾತ್ರೋರಾತ್ರಿ ಶ್ರೀಮಂತರಾದರು.

ಹಾಲು ತೆಗೆದವರು ಮಾತ್ರ ಬಡವರಾಗಿಯೇ ಉಳಿದರು. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ 1877ರಿಂದ 1879ರವರೆಗೆ ಭೀಕರ ಬರ ಬಿತ್ತು. ಅಲ್ಲಿಂದ ಸಾವಿರಾರು ಜನ ಕೂಲಿಗೆ ಬಂದರು. ನಸುಕಿನಲ್ಲಿ ಎದ್ದು, ಕಾಡಿನಲ್ಲಿ ಚದುರಿದ ನೂರಾರು ಮರಗಳಿಗೆ ನಡೆದು ಗಾಯ ಮಾಡಿ, ಹಾಲು ಕೂಡಿಸಿ, ಹೊಗೆಯಲ್ಲಿ ಉಂಡೆ ಕಟ್ಟಬೇಕು. ಕತ್ತಿ, ಅಕ್ಕಿ, ಉಪ್ಪು ಎಲ್ಲವೂ ಧಣಿಯ ಅಂಗಡಿಯಿಂದ ಸಾಲಕ್ಕೆ. ಆ ಸಾಲ ತೀರುತ್ತಿರಲಿಲ್ಲ. ಮೂಲನಿವಾಸಿಗಳ ಗತಿ ಇನ್ನೂ ಘೋರ. ಮೇಲಿನ ಪುಟುಮಾಯೊ ಹೊಳೆಯಲ್ಲಿ ಲಂಡನ್ನಿನಲ್ಲಿ ನೋಂದಾಯಿಸಿದ್ದ ಪೆರುವಿಯನ್ ಅಮೆಜಾನ್ ಕಂಪನಿ ಅವರನ್ನು ಚಾಟಿಯಿಂದ ಹೊಡೆದು, ಹಸಿವಿನಿಂದ ಕೊಂದು ರಬ್ಬರ್ ತರಿಸುತ್ತಿತ್ತು. 1910ರಲ್ಲಿ ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್ ಅಲ್ಲಿಗೆ ಹೋಗಿ ತನಿಖೆ ಮಾಡಿದ. 1912ರಲ್ಲಿ ಅವನ ವರದಿ ಪ್ರಕಟವಾದಾಗ ಲೋಕ ಬೆಚ್ಚಿಬಿತ್ತು. ಆ ವೇಳೆಗೆ ಸಾವಿರಾರು ಜನ ಸತ್ತಿದ್ದರು. ಮಂದಿರದ ತೂಗುದೀಪಗಳನ್ನು ನೋಡುವಾಗ ಇದೂ ನೆನಪಿರಲಿ.

ಆ ವೈಭವವನ್ನು ಮುಗಿಸಿದ್ದು ಕೂಡ ಒಂದು ಹಡಗು. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವನು ತಪಜೋಸ್ ಹೊಳೆಯ ಕಡೆಯಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಅದರಲ್ಲಿ ಸುಮಾರು 1,900 ಸಸಿಗಳು ಅದೇ ವರ್ಷ ಸಿಂಹಳಕ್ಕೆ ಹೋದವು. 1877ರಲ್ಲಿ 22 ಸಸಿಗಳು ಸಿಂಗಪುರಕ್ಕೆ. ಏಷ್ಯದಲ್ಲಿ ಮರಗಳನ್ನು ಸಾಲಾಗಿ ನೆಟ್ಟು ತೋಟ ಮಾಡಿದರು. ಅಮೆಜಾನಿನಲ್ಲಿ ಹಾಗೆ ಒತ್ತಾಗಿ ನೆಟ್ಟರೆ ಎಲೆಗೆ ಶಿಲೀಂಧ್ರ ರೋಗ ಬಂದು ಸಾಯುತ್ತದೆ. ಆ ರೋಗ ಏಷ್ಯಕ್ಕೆ ಬಂದಿರಲಿಲ್ಲ. 1910ರಲ್ಲಿ ಶಿಖರದಲ್ಲಿದ್ದ ರಬ್ಬರ್ ಬೆಲೆ ಕೆಲವೇ ವರ್ಷಗಳಲ್ಲಿ ಕುಸಿಯಿತು. ಮನೌಸ್ ಬಡವಾಯಿತು, ಮಂದಿರದಲ್ಲಿ ಹಾಡು ನಿಂತಿತು. 1990ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. 1997ರಿಂದ ಅಲ್ಲಿ ಒಪೆರಾ ಉತ್ಸವ ನಡೆದುಬಂದಿದೆ.

ಆ ಸಸಿಗಳ ಕತೆ ನಮ್ಮೂರಿಗೂ ಬರುತ್ತದೆ. ಸಿಂಹಳದ ತೋಟಗಳಲ್ಲಿ ದುಡಿಯಲು ಬ್ರಿಟಿಷರು ತಮಿಳು ನಾಡಿನ ಕೂಲಿಗಳನ್ನು ಕರೆದೊಯ್ದಿದ್ದರು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಲಕ್ಷಾಂತರ ಜನ ಭಾರತಕ್ಕೆ ಮರಳಬೇಕಾಯಿತು. ಅವರಲ್ಲಿ ಕೆಲವರಿಗೆ ಕೆಲಸ ಕೊಟ್ಟದ್ದು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳು. ಆ ಕಡೆಯ ಕೇಳುಗರಿಗೆ ಇದು ಚೆನ್ನಾಗಿ ಗೊತ್ತು. ಅಮೆಜಾನಿನಿಂದ ಹೊರಟ ಮರ, ತಮಿಳು ನಾಡಿನಿಂದ ಹೊರಟ ಜನ, ಇಬ್ಬರೂ ಸಿಂಹಳದಲ್ಲಿ ಭೇಟಿಯಾಗಿ ಕೊನೆಗೆ ನಮ್ಮ ಮಳೆಕಾಡಿನ ಅಂಚಿಗೆ ಬಂದು ನಿಂತಿದ್ದಾರೆ.

ಸಂಜೆ ಐದು ಗಂಟೆ. ವಿಮಾನಕ್ಕೆ ಇನ್ನೂ ಹೊತ್ತಿದೆ. ಮನೌಸಿನ ಬಂದರಿನಲ್ಲಿ ಒಂದು ಗೋಡೆಯ ಮೇಲೆ ವರ್ಷಗಳು ಮತ್ತು ಅಂಕಿಗಳಿವೆ. 1902ರಿಂದ ಹೊಳೆಯ ಮಟ್ಟದ ಲೆಕ್ಕ ಇಟ್ಟಿದ್ದಾರೆ. 2021ರ ಜೂನ್ ತಿಂಗಳಲ್ಲಿ ನೀರು 30 ಮೀಟರ್ ದಾಟಿತು. ಅದು ಅಲ್ಲಿಯವರೆಗಿನ ದಾಖಲೆ. 2023ರಲ್ಲಿ ಅತಿ ಕಡಿಮೆಯ ದಾಖಲೆ, 2024ರಲ್ಲಿ ಅದಕ್ಕಿಂತಲೂ ಕಡಿಮೆ, ಸುಮಾರು 12 ಮೀಟರ್. 2023ರ ಆ ಬರದಲ್ಲೇ ಬಂಡೆಯ ಮುಖಗಳು ಕಂಡದ್ದು. ಬೇಟ್ಸ್ ವರ್ಷಗಟ್ಟಲೆ ವಾಸವಿದ್ದ ತೆಫೆ ಊರಿನ ಸರೋವರದಲ್ಲಿ ನೀರು 39 ಡಿಗ್ರಿ ದಾಟಿ ಕಾದು, ನೂರೈವತ್ತಕ್ಕೂ ಹೆಚ್ಚು ಡಾಲ್ಫಿನ್‌ಗಳು ಸತ್ತು ತೇಲಿದ್ದೂ ಆಗಲೇ. ಅವೇ ಡಾಲ್ಫಿನ್‌ಗಳು, ನಮ್ಮ ಹಿರಿಯರು ಅಷ್ಟು ಖುಷಿಯಿಂದ ಹೇಳಿದವು.

ಇದನ್ನೆಲ್ಲ ಓದಿದ ಮೇಲೆ ನಾನೇ ಅವರಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಸುಮ್ಮನೆ ಕೇಳಿದರು. ಆಮೇಲೆ, "ಕೊನೀ ದಿನದ ಫೋಟೋ ಹದಿನೈದು ಇಪ್ಪತ್ತು ಅದಾವ. ಮೊಮ್ಮಗಳಿಗೆ ತೋರಿಸಿದಾಗ ಅವನ್ನ ಜಲ್ದಿ ಜಲ್ದಿ ಸರಿಸಿಬಿಟ್ಟಿದ್ದೆ. ಈ ಐತವಾರ ಮತ್ತ ಕೂತು ತೋರಿಸ್ತೀನಿ" ಎಂದರು.

ನಿಮ್ಮಲ್ಲಿ ಯಾರಾದರೂ ಮುಂದೆ ಎಂದಾದರೂ ಇಂಥ ಪ್ರವಾಸಕ್ಕೆ ಹೊರಟರೆ ನನ್ನದೊಂದು ಸಣ್ಣ ಸಲಹೆ. ಅಮೆಜಾನ್ ಇರಲಿ, ನಮ್ಮ ಕಾಳಿ ಹೊಳೆಯ ದಾಂಡೇಲಿಯೇ ಇರಲಿ, ಸಾಮಾನು ಹಿಂದಿನ ರಾತ್ರಿಯೇ ಕಟ್ಟಿಬಿಡಿ. ಕೊನೆಯ ದಿನ ಕೈ ಖಾಲಿಯಿರಲಿ. ಪ್ರಾಣಿಗಳನ್ನು ತೋರಿಸಿದವರನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಇಲ್ಲಿ ಮೊದಲು ಯಾರಿದ್ದರು?

ಮತ್ತೆ ಸಿಗೋಣ, ಅದೇ ಹೊತ್ತಿಗೆ, ಅದೇ ತರಂಗದಲ್ಲಿ.